ಬುರುಲ್ ಹೇಳದ ಹೆಸರು

ಬುರುಲ್ ನಮ್ಮ ಆಸ್ಪತ್ರೆಗೆ ಬಂದ ದಿನ ಅವಳ ಬಲಗೈ ಗಟ್ಟಿಮುಟ್ಟಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಡಾಕ್ಟರ್ ಎರ್ಮೆಕ್ ಆ ಕೈ ಮೊದಲಿನಿಂದಲೂ ಜೋತುಬಿದ್ದೇ ಇತ್ತು ಎಂದು ಕಾಗದದಲ್ಲಿ ಬರೆದ. ಹಸಿ ಸುಳ್ಳು. ಅದೇ ಕೈಯಿಂದ ಅವಳು ವಾರ್ಡ್ ಬಾಯ್ ತಾಬಿಲ್ದಿಯ ಕೆನ್ನೆಗೆ ಬಾರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆರಡಿ ಆಳು, ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆ ಹಿಡಿದುಕೊಂಡ.

ನಾನು ಆ ಹುಚ್ಚಾಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಆಯಾ ಆಗಿದ್ದವಳು. ಚೂಯ್ ಕಣಿವೆಯ ಬೀಟ್‌ರೂಟ್ ಹೊಲಗಳ ನಡುವೆ ಸೋವಿಯತ್ ಕಾಲದಲ್ಲಿ ಕಟ್ಟಿದ ಹಳದಿ ಕಟ್ಟಡ ಅದು. ಹೆಂಗಸರ ವಾರ್ಡಿನಲ್ಲಿ ನಲವತ್ತು ಮಂಚ, ಅರುವತ್ತು ಹೆಂಗಸರು. ಅವರಲ್ಲಿ ನಿಜವಾಗಿ ತಲೆ ಕೆಟ್ಟವರು ಎಷ್ಟು ಜನ, ಯಾರದೋ ಕಣ್ಣಿಗೆ ಕಸವಾಗಿ ಬಂದು ಬಿದ್ದವರು ಎಷ್ಟು ಜನ ಎಂದು ನಾನು ಯಾವತ್ತೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಅಲ್ಲಿ ಕೆಲಸ ಮಾಡಲು ಆಗುತ್ತಿರಲಿಲ್ಲ. ಅಷ್ಟು ಪ್ರಾಮಾಣಿಕವಾಗಿ ಹೇಳಬಲ್ಲೆ, ಅದಕ್ಕಿಂತ ಹೆಚ್ಚಿಲ್ಲ.

ಬುರುಲ್ ಇಸ್ಸಿಕ್ ಕುಲ್ ಸರೋವರದ ದಕ್ಷಿಣ ದಂಡೆಯ ಹಳ್ಳಿಯವಳು. ಊರ ಶಾಲೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸ. ಸಾಮಾನ್ಯವಾಗಿ ಗಂಡಸರು ಮಾಡುವಂಥದ್ದು. ಅವಳ ಗಂಡ ಮಾಡುತ್ತಿದ್ದ. ಒಂದು ಚಳಿಗಾಲ ಕಲ್ಲಿದ್ದಲು ತರಲು ಹೋಗಿದ್ದ ಅವನ ಲಾರಿ ಘಾಟಿಯಿಂದ ಉರುಳಿ ಅವನು ಹೋದ ಮೇಲೆ, ಗುದ್ದಲಿ ಸಲಿಕೆ ಇವಳೇ ಹಿಡಿದಳು. ಬೇರೆ ಯಾರಾದರೂ ಬರುವ ತನಕ ಎಂದು ಶಾಲೆಯವರು ಒಪ್ಪಿಕೊಂಡರು, ಆರು ವರ್ಷ ಬೇರೆ ಯಾರೂ ಬರಲಿಲ್ಲ. ಮಕ್ಕಳಾಗಿರಲಿಲ್ಲ. ತವರಿಗೆ ಹೋಗಬಹುದಿತ್ತು. ಮನೆಯಲ್ಲಿ ಮಾವ ಒಬ್ಬನೇ ಉಳಿಯುತ್ತಾನೆಂದು ಹೋಗಲಿಲ್ಲ. ಬೆಳಿಗ್ಗೆ ಅವನಿಗೆ ಹಾಲು ಹಾಕಿದ ಉಪ್ಪಿನ ಚಹಾ, ರೊಟ್ಟಿ ಕೊಟ್ಟು ಶಾಲೆಗೆ ಓಡುವುದು, ಮಧ್ಯಾಹ್ನ ಬಂದು ಹಸು ನೋಡುವುದು, ಮತ್ತೆ ಬಾಯ್ಲರ್. ಉಗುರಿನ ಸಂದಿಯಲ್ಲಿ ಯಾವಾಗಲೂ ಮಸಿ. ಇಪ್ಪತ್ತೆರಡು ವರ್ಷ ಆ ಮನೆಯ ಸೊಸೆಯಾಗಿದ್ದು, ಮಾವನ ಹೆಸರನ್ನು ಒಂದು ಸಲವೂ ಬಾಯಲ್ಲಿ ತಂದವಳಲ್ಲ. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು, ಗಂಡನ ಅಣ್ಣನ ಹೆಸರು ಹೇಳುವುದಿಲ್ಲ. ಅವರು ಸತ್ತ ಮೇಲೂ ಹೇಳುವುದಿಲ್ಲ.

ಗಂಡನ ಅಣ್ಣ ಶಾರ್ಶೆನ್ ಪಕ್ಕದ ಬೀದಿಯಲ್ಲೇ ಇದ್ದ. ದಂಡೆಗೆ ಅಂಟಿಕೊಂಡ ಜರ್ದಾಳು ತೋಟ ಮುದುಕನ ಹೆಸರಿನಲ್ಲಿತ್ತು. ಅಲ್ಲಿ ಪ್ರವಾಸಿಗಳ ವಸತಿಗೃಹ ಕಟ್ಟಲು ಪಟ್ಟಣದ ಯಾರೋ ಕೇಳಿದ್ದರು, ಮುದುಕ ರುಜು ಹಾಕಲಿಲ್ಲ. ಮಾರ್ಚಿಯ ಒಂದು ಬೆಳಿಗ್ಗೆ ಶಾರ್ಶೆನ್ ಬಂದು ಅಪ್ಪನ ಗಡ್ಡ ಹಿಡಿದು ಅಂಗಳಕ್ಕೆಳೆದ. ಮುದುಕ ಕೆಸರಿನಲ್ಲಿ ಬಿದ್ದ. ಬಿದ್ದವನ ಪಕ್ಕೆಗೆ ಬೂಟುಗಾಲಲ್ಲಿ ಒದ್ದ. ಒಂದಲ್ಲ, ಮೂರು ಸಲ. ಆಗ ಬುರುಲ್ ಶಾಲೆಯಿಂದ ಬಂದಳು, ಹೆಗಲ ಮೇಲೆ ಕಲ್ಲಿದ್ದಲಿನ ಸಲಿಕೆ. ಅದನ್ನು ಎತ್ತಿ ಒಂದು ಮಾತೂ ಆಡದೆ ನೇರ ಅವನ ಕತ್ತಿನ ಬುಡಕ್ಕೆ ಇಳಿಸಿದಳು. ಹೆಗಲೆಲುಬು ಮುರಿದ ಸದ್ದು ಮುದುಕನಿಗೂ ಕೇಳಿಸಿತಂತೆ. ಅವನು ಕುಸಿದ ಮೇಲೆ ಇನ್ನೊಂದು ಏಟು ಮೊಣಕಾಲಿನ ಕೆಳಗೆ.

ಶಾರ್ಶೆನ್ ಪೊಲೀಸರ ಬಳಿ ಹೋಗಲಿಲ್ಲ. ತಮ್ಮನ ಹೆಂಡತಿಯ ಕೈಲಿ ಹೊಡೆಸಿಕೊಂಡೆ ಎಂದು ಊರಿಗೆಲ್ಲ ಹೇಳಿಕೊಳ್ಳುವುದುಂಟೇ? ಅವನಿಗೆ ಎರ್ಮೆಕ್ ಡಾಕ್ಟರ ಪರಿಚಯವಿತ್ತು, ಒಟ್ಟಿಗೆ ಬೇಟೆಗೆ ಹೋಗುವವರು. ಎರಡನೇ ದಿನ ನಮ್ಮ ಆಂಬ್ಯುಲೆನ್ಸ್ ಅಷ್ಟು ದೂರ ಹೋಗಿ, ಬಾಯ್ಲರಿನ ಮುಂದೆ ಕೂತಿದ್ದ ಬುರುಲಳನ್ನು ಶಾಲೆಯ ಮಕ್ಕಳೆಲ್ಲ ಕಿಟಕಿಯಿಂದ ನೋಡುತ್ತಿರುವಾಗ ಎತ್ತಿ ಹಾಕಿಕೊಂಡು ಬಂತು.

ಸೇರಿಸಿಕೊಳ್ಳುವ ಕೋಣೆಯಲ್ಲಿ ನಾನು, ತಾಬಿಲ್ದಿ ಬಾಗಿಲ ಬಳಿ ನಿಂತಿದ್ದೆವು. ಡಾಕ್ಟರು ಪೆನ್ನು ಹಿಡಿದು ಕೂತಿದ್ದ.

"ಮನೇಲಿ ಯಾರ್ ಯಾರು ಇದ್ದೀರಿ?"

"ನಾನು, ನಮ್ಮ ಮಾವ."

"ಮಾವನ ಹೆಸರೇನು?"

ಬುರುಲ್ ಉಗುರಿನ ಮಸಿ ಕೆರೆಯತೊಡಗಿದಳು.

"ಕೇಳಿಸ್ಲಿಲ್ವಾ? ಹೆಸರು."

"ಹಿರೀರು ಅವ್ರು. ಬೇರೆ ಯಾರನ್ನಾದ್ರೂ ಕೇಳ್ಕೊಳ್ಳಿ."

"ಸರಿ, ಯಾರ ಎಲುಬು ಮುರಿದೆ?"

"ನಮ್ಮ ಹಿರೇ ಭಾವನ್ನ."

"ಆ ಭಾವನಿಗೊಂದು ಹೆಸರಿಲ್ವೇನಮ್ಮಾ?"

"ಇದೆ. ನಾನು ಹೇಳಲ್ಲ. ಅವ್ರು ಅಪ್ಪನ್ನ ಒದ್ದದ್ದಕ್ಕೆ ಹೊಡ್ದೆ. ಇನ್ನೊಂದ್ಸಲ ಒದ್ರೆ ಇನ್ನೊಂದ್ಸಲ ಹೊಡೀತೀನಿ. ಬರ್ಕೊಳ್ಳಿ."

ಡಾಕ್ಟರು ಬರೆದುಕೊಂಡ. ಏನು ಬರೆದನೆಂದು ಆಮೇಲೆ ನ್ಯಾಯಾಲಯದಲ್ಲಿ ಓದಿದಾಗ ಗೊತ್ತಾಯಿತು: ಮನೆಯವರ ಹೆಸರುಗಳು ನೆನಪಿಲ್ಲ, ಯಾರನ್ನು ಹೊಡೆದೆನೆಂದು ತಿಳಿಯದು, ಗೊಂದಲ, ಅಪಾಯಕಾರಿ. ಎರ್ಮೆಕ್ ಏನು ವಿದೇಶದಿಂದ ಇಳಿದವನೇ? ಅವನ ಅಮ್ಮ ನಾರಿನ್ ಕಡೆಯ ಹಳ್ಳಿಯವಳು. ಗೊತ್ತಿದ್ದೂ ಬರೆದ.

ಆಮೇಲೆ ಒಪ್ಪಿಗೆ ಪತ್ರ ಮುಂದಿಟ್ಟ. ನಮ್ಮಲ್ಲಿ ಕಾನೂನು ಹೀಗಿದೆ: ರೋಗಿ ತಾನೇ ಒಪ್ಪಿ ಸೇರಿದರೆ ಯಾರನ್ನೂ ಕೇಳಬೇಕಿಲ್ಲ. ಒಪ್ಪದಿದ್ದರೆ ಎರಡು ದಿನದೊಳಗೆ ವೈದ್ಯರ ಮಂಡಳಿ ನೋಡಬೇಕು, ನ್ಯಾಯಾಧೀಶರ ಮುಂದೆ ಹೋಗಬೇಕು. ಇದು ನನಗೆ ಆಗ ಗೊತ್ತಿರಲಿಲ್ಲ. ಆ ಕಾಗದಕ್ಕೆ ಹೇಗಾದರೂ ರುಜು ಬೀಳಬೇಕೆಂದು ಮಾತ್ರ ಗೊತ್ತಿತ್ತು.

"ನಾನಾಗಿ ಬಂದಿಲ್ಲ, ನೀವು ತಂದಿದ್ದೀರಿ. ಯಾಕೆ ರುಜು ಹಾಕ್ಲಿ?" ಎಂದಳು ಬುರುಲ್.

ತಾಬಿಲ್ದಿ ಅವಳ ಜಡೆ ಹಿಡಿದು ಮೇಜಿಗೆ ಹಣೆ ಗುದ್ದಿಸಿದ. ಅವಳು ತಿರುಗಿ ಬಾರಿಸಿದ ಏಟು ಅದೇ, ನಾನು ಮೊದಲು ಹೇಳಿದ್ದು. ಮುಂದೆ ನಡೆದದ್ದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಅವಳ ಹೊಟ್ಟೆಗೆ ಮೊಣಕಾಲು ಹಾಕಿದ, ಉಸಿರು ನಿಂತು ಅವಳು ಮಡಚಿಕೊಂಡಾಗ ಇಬ್ಬರೂ ಎಳೆದುಕೊಂಡು ಹೋಗಿ ಕಬ್ಬಿಣದ ಮಂಚಕ್ಕೆ ಹಾಕಿದೆವು. ಎಡಗೈ, ಕಾಲು ಅವನು ಕಟ್ಟಿದ. ಬಲಗೈ ನಾನು ಕಟ್ಟಿದೆ.

ನಮ್ಮ ಕಟ್ಟುವ ರೀತಿ ಹೇಳುತ್ತೇನೆ. ಹಳೇ ಹೊದಿಕೆಯನ್ನು ಉದ್ದಕ್ಕೆ ಹರಿದು ಪಟ್ಟಿ ಮಾಡುತ್ತಿದ್ದೆವು. ಅದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಸುತ್ತುತ್ತಿದ್ದೆವು. ಒಣಗುತ್ತಾ ಹೋದಂತೆ ತಾನಾಗಿ ಬಿಗಿಯುತ್ತದೆ. ಎರಡು ಗಂಟೆಗೊಮ್ಮೆ ಬಿಚ್ಚಿ ಉಜ್ಜಬೇಕೆಂದು ಗೋಡೆಯ ಮೇಲೆ ಬರೆದಿತ್ತು. ನನಗೆ ಆ ಗಂಟು ಕಲಿಸಿದವಳು ಹಳೇ ಆಯಾ, ಅವಳು ಸತ್ತು ಎಷ್ಟೋ ವರ್ಷವಾಯಿತು. ನನ್ನ ಗಂಟು ಯಾರೂ ಬಿಚ್ಚಿಕೊಳ್ಳಲಾರರು ಎಂದು ನನಗೆ ಹೆಮ್ಮೆ ಬೇರೆ ಇತ್ತು. ಥೂ.

ಮಾರನೆಯ ದಿನ ನೂರುಜ್ ಹಬ್ಬ. "ರುಜು ಹಾಕ್ತೀನಿ ಅನ್ನೋ ತನಕ ಬಿಚ್ಬೇಡಿ" ಎಂದು ಹೇಳಿ ಡಾಕ್ಟರು ಮನೆಗೆ ಹೋದ. ಹಬ್ಬದ ದಿನ ಅಂಗಳದಲ್ಲಿ ದೊಡ್ಡ ಕಡಾಯಿ ಇಟ್ಟು ಗೋಧಿ ಮೊಳಕೆಯ ಸುಮೊಲೊಕ್ ಕಾಯಿಸುತ್ತಿದ್ದೆವು. ಬೆಳಗಿನಿಂದ ಸರದಿಯ ಮೇಲೆ ಕೈಯಾಡಿಸಬೇಕು, ತಳ ಹಿಡಿಯಬಾರದು. ಹೆಂಗಸರು ಹಾಡುತ್ತಿದ್ದರು, ನಾನೂ ಹಾಡುತ್ತಿದ್ದೆ. ವಾರ್ಡಿನ ಕಿಟಕಿ ಅಂಗಳಕ್ಕೇ ತೆರೆಯುತ್ತದೆ.

"ಎಜೆ! ಕೈ ಜುಮ್ ಅಂತಿದೆ ಎಜೆ!"

ಎಜೆ ಎಂದರೆ ಅಕ್ಕ. ಅವಳಿಗೆ ನನ್ನ ಹೆಸರು ಗೊತ್ತಿರಲಿಲ್ಲ, ಅಲ್ಲಿ ಎಲ್ಲರಿಗೂ ನಾನು ಎಜೆಯೇ.

ಇನ್ನೊಂದು ಸ್ವಲ್ಪ ಹೊತ್ತಿಗೆ: "ಎಜೆ, ಸಾಯ್ತಾ ಇದ್ದೀನಿ, ಬಂದು ಸಡ್ಲ ಮಾಡು!" ಆಮೇಲೆ ಬೈಗುಳ, ನನ್ನ ಏಳು ತಲೆಮಾರಿಗೂ ಸೇರಿಸಿ. ಮಧ್ಯಾಹ್ನ ನಾನು ಒಳಗೆ ಹೋದಾಗ ಕೂಗು ನಿಂತಿತ್ತು. ಕೈ ಮೊಣಕೈವರೆಗೆ ಊದಿ ನೀಲಿಯಾಗಿತ್ತು. ಅವಳು ಚಾವಣಿ ನೋಡುತ್ತಾ ಮೆಲ್ಲಗೆ ಕೇಳಿದಳು: "ಎಜೆ, ನೋಡಿ ಹೇಳು. ನನ್ನ ಕೈ ಅಲ್ಲೇ ಇದೆಯಾ?"

"ಇದೆ ಕಣೇ, ಎಲ್ಲಿಗೆ ಹೋಗುತ್ತೆ?" ಎಂದು ಹೇಳಿ ನಾನು ಮತ್ತೆ ಸುಮೊಲೊಕ್ ಕಡೆಗೆ ಹೋದೆ. ಬಿಚ್ಚಬೇಡಿ ಅಂದಿದ್ದರು, ಬಿಚ್ಚಲಿಲ್ಲ. ಮರೆತೆ ಎಂದು ಹೇಳಬಹುದಿತ್ತು. ಮರೆತಿರಲಿಲ್ಲ.

ಮರುದಿನ ಬೆಳಿಗ್ಗೆ ಬಿಚ್ಚಿದಾಗ ಕೈ ಮಂಚದಿಂದ ಜೋತುಬಿತ್ತು. ಬೆರಳು ಮುಚ್ಚಲಿಲ್ಲ, ತೆರೆಯಲಿಲ್ಲ. ತಾಬಿಲ್ದಿ ಆ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒಪ್ಪಿಗೆ ಪತ್ರದ ಮೇಲೆ ಒತ್ತಿದ. ಅವಳಿಗೆ ಒತ್ತಿದ್ದು ಗೊತ್ತೇ ಆಗಲಿಲ್ಲ. ದಿನಾಂಕ ಎರಡು ದಿನ ಹಿಂದಿನದು ಹಾಕಿದರು. ಹೀಗೆ ಬುರುಲ್ ತಾನೇ ಒಪ್ಪಿ ಬಂದ ರೋಗಿಯಾದಳು.

ಐದು ತಿಂಗಳು ಇದ್ದಳು. ಸೂಜಿ ಹಾಕಿ ಹಾಕಿ ನಾಲಿಗೆ ದಪ್ಪವಾಗಿ, ಕತ್ತು ಒಂದು ಪಕ್ಕಕ್ಕೆ ತಿರುಚಿಕೊಂಡಿತು. ಆದರೂ ಯಾರನ್ನಾದರೂ ಹೊಡೆಯುವಾಗ ನಡುವೆ ಬಂದು ನಿಲ್ಲುತ್ತಿದ್ದಳು, ಒಂದು ಕೈ ಇಲ್ಲದವಳು. ಆಗ ತಾಬಿಲ್ದಿ ಒದ್ದೆ ಟವೆಲ್ ತೆಗೆಯುತ್ತಿದ್ದ. ಒದ್ದೆ ಟವೆಲನ್ನು ತಿರುಚಿ ಹೊಡೆದರೆ ಒಳಗೆಲ್ಲ ನಜ್ಜುಗುಜ್ಜಾಗುತ್ತದೆ, ಚರ್ಮದ ಮೇಲೆ ಗುರುತು ಉಳಿಯುವುದಿಲ್ಲ. ಅವನು ಅದನ್ನು ಮುಖಕ್ಕೂ ಬೆನ್ನಿಗೂ ಮೂತ್ರಪಿಂಡದ ಜಾಗಕ್ಕೂ ಅಳೆದು ಹೊಡೆಯುತ್ತಿದ್ದ. ಬುರುಲ್ ಎರಡು ದಿನ ರಕ್ತದ ಮೂತ್ರ ಮಾಡಿದ್ದನ್ನು ಬಕೆಟ್ ಚೆಲ್ಲಿದ ನಾನೇ ನೋಡಿದ್ದೇನೆ. ಯಾರಿಗೂ ಹೇಳಲಿಲ್ಲ.

ಮುದುಕ ತಿಂಗಳಿಗೊಮ್ಮೆ ಬಾಡಿಗೆ ವ್ಯಾನಿನಲ್ಲಿ ಐದಾರು ಗಂಟೆ ಕೂತು ಬರುತ್ತಿದ್ದ. ತಲೆಯ ಮೇಲೆ ಬಿಳಿ ಕಂಬಳಿಯ ಕಲ್ಪಕ್ ಟೋಪಿ, ಕೈಯಲ್ಲಿ ಬಟ್ಟೆಯ ಗಂಟು ತುಂಬ ಬೋರ್ಸೋಕ್. ಎಣ್ಣೆಯಲ್ಲಿ ಕರಿದ ಆ ಹಿಟ್ಟಿನ ತುಂಡುಗಳನ್ನು ಅವನೇ ಕರಿದದ್ದೆಂದು ಕಂಡರೇ ಗೊತ್ತಾಗುತ್ತಿತ್ತು, ಅರ್ಧ ಸೀದು ಹೋಗಿರುತ್ತಿದ್ದವು. ಗೇಟಿನಲ್ಲಿ, "ರೋಗಿಗೆ ಯಾರನ್ನೂ ತೋರ್ಸೋ ಹಾಗಿಲ್ಲ ತಾತ, ಗಂಟು ಕೊಟ್ಟು ಹೋಗಿ" ಎಂದು ಕಳಿಸುತ್ತಿದ್ದೆವು. ಬೋರ್ಸೋಕ್ ನಾವೇ ಚಹಾಕ್ಕೆ ತಿಂದೆವು. ಸೀದ ಭಾಗ ತೆಗೆದು ತಿಂದೆವು.

ನಾಲ್ಕನೆಯ ಸಲ ಮುದುಕ ಗೇಟಿಗೆ ಬರಲಿಲ್ಲ. ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಕೇಳಿ ಕೇಳಿ ಉಚಿತ ಕಾನೂನು ಸಲಹೆಯ ಕಚೇರಿ ಹುಡುಕಿದ. ಅಲ್ಲಿಂದ ಒಬ್ಬಳು ವಕೀಲೆಯನ್ನು ಕರೆದುಕೊಂಡು ಐದನೆಯ ಸಲ ಬಂದ. ಮೀರ್ಗುಲ್ ಎಂದು ಅವಳ ಹೆಸರು. ಸಣಕಲು ಹುಡುಗಿ, ಕೀರಲು ದನಿ. ತಾಬಿಲ್ದಿ ಅವಳನ್ನು ನೋಡಿ, "ಏನ್ ಮಗಾ, ಸ್ಕೂಲಿಗೆ ರಜಾನಾ?" ಅಂದ.

"ರಜಾನೇ ಅಣ್ಣ. ಅದಕ್ಕೇ ನಿನ್ನ ಹೆಸರು ಬರ್ಕೊಳ್ಳೋಕೆ ಬಿಡುವಿದೆ," ಎಂದು ಅವಳು ಪುಸ್ತಕ ತೆಗೆದಳು.

ಡಾಕ್ಟರು ಹೊರಗೆ ಬಂದ. ಅವಳು ಗೇಟಿನಲ್ಲೇ ನಿಂತು ಕಾನೂನು ಓದಿ ಹೇಳಿದಳು. ಒಪ್ಪಿ ಬಂದವಳಾದರೆ ಒಪ್ಪಿಗೆಯನ್ನು ಯಾವ ಗಳಿಗೆಯಲ್ಲಾದರೂ ಹಿಂದೆ ತೆಗೆದುಕೊಳ್ಳಬಹುದು. ಹಿಂದೆ ತೆಗೆದುಕೊಂಡರೆ ಗೇಟು ತೆಗೆಯಬೇಕು, ಇಲ್ಲವೇ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಯಾಕೆ ಬಿಡುವುದಿಲ್ಲವೆಂದು ಹೇಳಬೇಕು. ವಕೀಲರನ್ನು ರೋಗಿಯಿಂದ ತಡೆಯುವಂತಿಲ್ಲ. "ಮೂರನೇ ದಾರಿ ಇಲ್ಲ ಡಾಕ್ಟ್ರೇ. ಇದ್ರೆ ತೋರ್ಸಿ, ನಾನೂ ಕಲ್ತ್ಕೋತೀನಿ."

ಹತ್ತು ನಿಮಿಷ ಬಿಟ್ಟರು. ಕಾವಲಿಗೆ ನಾನು. ಮೀರ್ಗುಲ್ ಕಾಗದ ಕೊಟ್ಟಳು. ಬುರುಲ್ ಎಡಗೈಯಲ್ಲಿ ಪೆನ್ನು ಹಿಡಿದು, ಎರಡನೇ ಕ್ಲಾಸಿನ ಮಗುವಿನ ಅಕ್ಷರದಲ್ಲಿ, ಅಷ್ಟೂ ಹೊತ್ತು ತೆಗೆದುಕೊಂಡು ಬರೆದಳು: ನಾನು ಇಲ್ಲಿ ಇರುವುದಿಲ್ಲ.

ಡಾಕ್ಟರು ಗೇಟು ತೆಗೆಯುವ ಬದಲು ನ್ಯಾಯಾಧೀಶರ ದಾರಿ ಹಿಡಿದ. ವಿಚಾರಣೆಯ ಹಿಂದಿನ ದಿನ ಸೂಜಿ ಎರಡರಷ್ಟಾಯಿತು. ಎರಡು ಸಲವೂ ನಾನೇ ಅವಳ ಭುಜ ಅದುಮಿ ಹಿಡಿದೆ. ನ್ಯಾಯಾಲಯಕ್ಕೆ ಬಂದಾಗ ಬುರುಲ್ ಬೆಂಚಿನ ಮೇಲೆ ವಾಲಿಕೊಂಡು ಕೂತಿದ್ದಳು, ಬಾಯಿಯ ಮೂಲೆಯಿಂದ ಜೊಲ್ಲು. ಮುದುಕ ಎದ್ದು ತನ್ನ ತೋಳಿನಿಂದ ಅದನ್ನು ಒರೆಸಿದ. ಮಾವ ಸೊಸೆಯ ಮುಖ ಮುಟ್ಟುವುದು ನಮ್ಮಲ್ಲಿಲ್ಲ.

ನ್ಯಾಯಾಧೀಶರು ಐವತ್ತು ದಾಟಿದ, ಹೊಟ್ಟೆಯ, ನಿದ್ದೆಗಣ್ಣಿನ ಗಂಡಸು. ಡಾಕ್ಟರು ಬರೆದದ್ದನ್ನು ಓದಿ, "ಏನಮ್ಮ, ನಿಮ್ಮ ಮಾವನ ಹೆಸರು ಹೇಳು ನೋಡೋಣ" ಅಂದರು. ಬುರುಲಳ ದಪ್ಪ ನಾಲಿಗೆ ಆ ಕಡೆ ಈ ಕಡೆ ಹೊರಳಿತು. ತಲೆ ಅಡ್ಡಡ್ಡ ಆಡಿಸಿದಳು.

"ನೋಡಿ ಸಾಹೇಬ್ರೇ, ಪಕ್ಕದಲ್ಲೇ ಕೂತಿರೋರ ಹೆಸರು ಗೊತ್ತಿಲ್ಲ. ಇವಳನ್ನ ಹೊರಗೆ ಬಿಟ್ರೆ ನಾಳೆ ಯಾರದೋ ತಲೆ ಒಡೀತಾಳೆ," ಎಂದ ಡಾಕ್ಟರು. ನ್ಯಾಯಾಧೀಶರು ತಲೆದೂಗಿದರು. ಮುಗಿಯಿತು ಎಂದುಕೊಂಡೆ.

ಆಮೇಲೆ ಆಸ್ಪತ್ರೆಯ ಪರ ಸಾಕ್ಷಿ ಎಂದು ನನ್ನನ್ನು ಕರೆದರು. ಹೇಳಿಕೊಟ್ಟದ್ದನ್ನೆಲ್ಲ ಹೇಳಿದೆ. ಕಚ್ಚುತ್ತಾಳೆ, ಒದೆಯುತ್ತಾಳೆ, ಹೇಳಿದ ಮಾತು ತಿಳಿಯುವುದಿಲ್ಲ. ಗಿಳಿಪಾಠ. ಮೀರ್ಗುಲ್ ಎದ್ದು ನಿಂತಳು.

"ಎಜೆ, ನಿಮ್ಗೆ ಮದುವೆ ಆಗಿ ಎಷ್ಟು ವರ್ಷ?"

"ಮೂವತ್ತೊಂದು."

"ಅತ್ತೆ ಮಾವ ಜೊತೆಗೇ ಇದ್ರಾ?"

"ಇದ್ರು. ಚೆನ್ನಾಗಿ ನೋಡ್ಕೊಂಡೆ. ಇಬ್ಬರ್ನೂ ನಾನೇ ಕಳಿಸ್ಕೊಟ್ಟೆ."

"ಒಳ್ಳೇದು. ಮಾವನ ಹೆಸರೇನು?"

ನಾನು ತಲೆವಸ್ತ್ರವನ್ನು ಹಣೆಗೆ ಎಳೆದುಕೊಂಡೆ.

"ಗೊತ್ತಿಲ್ವಾ ಎಜೆ?"

"ಯಾಕ್ ಗೊತ್ತಿಲ್ಲ? ಗೊತ್ತು."

"ಹೇಳಿ ಮತ್ತೆ."

"ಹೇಳಲ್ಲ."

"ನ್ಯಾಯಾಲಯ ಕೇಳ್ತಾ ಇದೆ."

"ಯಾರು ಕೇಳಿದ್ರೇನು? ನಾನು ಆ ಮನೆ ಸೊಸೆ ಕಣಮ್ಮ! ನಿಮ್ಮಮ್ಮ ನಿನಗೆ ಏನೂ ಕಲಿಸ್ಲಿಲ್ವಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಕೋಪದಲ್ಲಿ ಏನು ಆಡಿದೆನೆಂದು ನನಗೇ ಆಗ ಹೊಳೆಯಿತು. ನ್ಯಾಯಾಧೀಶರು ಡಾಕ್ಟರ ಕಡೆ ತಿರುಗಿದರು. ನಿದ್ದೆ ಹೋಗಿತ್ತು.

"ಈ ಆಯಾನೂ ನಿಮ್ಮ ರೋಗೀನಾ ಡಾಕ್ಟ್ರೇ?"

"ಅದು ಹಾಗಲ್ಲ ಸಾಹೇಬ್ರೇ..."

"ನಮ್ಮಮ್ಮ ಸಾಯೋ ತನಕ ನಮ್ಮ ತಾತನ ಹೆಸರು ಹೇಳ್ಲಿಲ್ಲ. ಅವಳನ್ನೂ ನಿಮ್ಮಲ್ಲಿ ಸೇರಿಸ್ಬೇಕಿತ್ತೇನೋ. ನಿಮ್ಮಮ್ಮ ಹೇಳ್ತಾರಾ?"

ಎರ್ಮೆಕ್ ಟೈ ಸರಿಮಾಡಿಕೊಂಡ. ಮೀರ್ಗುಲ್ ಬುರುಲಳ ಬಲದೋಳು ಮೇಲೇರಿಸಿ, ಜೋತ ಕೈಯನ್ನೂ ಮಣಿಕಟ್ಟಿನ ಸುತ್ತಿನ ಕಪ್ಪು ಗಾಯದ ಗುರುತನ್ನೂ ತೋರಿಸಿದಳು. ಒಪ್ಪಿಗೆ ಪತ್ರದ ಹೆಬ್ಬೆಟ್ಟನ್ನು ತೋರಿಸಿ, ಅಕ್ಷರ ಬಲ್ಲವಳು ಹೆಬ್ಬೆಟ್ಟು ಯಾಕೆ ಒತ್ತಿದಳು ಎಂದು ಕೇಳಿದಳು. ಸಂಜೆಯೊಳಗೆ ಬಿಡಬೇಕೆಂದು ಆದೇಶವಾಯಿತು. ಮುದುಕ ಸೊಸೆಯನ್ನು ವ್ಯಾನು ಹತ್ತಿಸಿಕೊಂಡು ಹೋದ.

ನನಗೆ ಅವತ್ತೇ ವಾರ್ಡಿನಲ್ಲಿ ಸಂಭಾವನೆ ಸಿಕ್ಕಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ತಾಬಿಲ್ದಿ ಒಳಗಿನಿಂದ ಬಾಗಿಲು ಹಾಕಿದ. ಕೈಯಲ್ಲಿ ಟವೆಲ್, ನೀರು ಸೋರುತ್ತಿತ್ತು.

"ಸೊಸೆಯಂತೆ ಸೊಸೆ! ಬಾಯ್ ಮುಚ್ಕೊಂಡು ಬಾ ಅಂದ್ರೆ ಅಲ್ಲಿ ಹೋಗಿ ಕುಲಗೋತ್ರ ಬಿಚ್ತೀಯಾ ಮುದ್ಕಿ?"

ಮೊದಲ ಏಟು ಕಿವಿಯ ಮೇಲೆ ಬಿತ್ತು. ಅಲ್ಲಿಂದಾಚೆ ಆ ಕಿವಿ ಕೇಳಿಸುವುದಿಲ್ಲ. ಎರಡನೆಯದು ಎದೆಗೆ. ನೆಲಕ್ಕೆ ಬಿದ್ದ ಮೇಲೆ ಬೆನ್ನಿನ ಕೆಳಗೆ, ಅದೇ ಜಾಗಕ್ಕೆ, ಎಷ್ಟು ಸಲವೋ. ಹತ್ತೊಂಬತ್ತು ವರ್ಷ ನಾನು ಆ ಸದ್ದು ಕೇಳಿದ್ದೆ. ಹೊರಗಿನಿಂದ ಕೇಳುವುದೇ ಬೇರೆ. ಮನೆಗೆ ಹೋಗಿ ಮೂತ್ರ ಮಾಡಿದಾಗ ಕೆಂಪಗಿತ್ತು. ಬಚ್ಚಲಲ್ಲಿ ಕೂತು ಅತ್ತೆ. ನೋವಿಗೆ ಅತ್ತದ್ದಲ್ಲ, ಬುರುಲಳ ಬಕೆಟ್ ನೆನಪಾಗಿ ನಾಚಿಕೆಯಿಂದ ಅತ್ತೆ. ಮೈಮೇಲೆ ಒಂದು ಗೀರು ಇರಲಿಲ್ಲ. ಮರುದಿನ ಕೆಲಸದಿಂದ ತೆಗೆದರು.

ಬಿಡುಗಡೆ ಒಂದು, ನ್ಯಾಯ ಇನ್ನೊಂದು. ಬುರುಲಳಿಗೆ ಸಲಿಕೆ ಹಿಡಿಯಲಾಗಲಿಲ್ಲ, ಶಾಲೆಯ ಕೆಲಸ ಹೋಯಿತು. ಹಸುವಿನ ಹಾಲನ್ನು ಮುದುಕನೇ ಕರೆಯಬೇಕಾಯಿತು. ಶಾರ್ಶೆನ್ ಬೀದಿಯಲ್ಲಿ ಹೋಗುವಾಗ, "ಹುಚ್ಚಿ ಬಂದ್ಲು, ಸಲಿಕೆ ಬಚ್ಚಿಡ್ರಪ್ಪೋ" ಎಂದು ಜನರಿಗೆ ಕೇಳುವಂತೆ ನಗುತ್ತಿದ್ದನಂತೆ. ಮೀರ್ಗುಲ್ ಚಿತ್ರಹಿಂಸೆಯ ದೂರನ್ನು ಪ್ರಾಸಿಕ್ಯೂಟರ್ ಕಚೇರಿಗೆ ಹಾಕಿಸಿದಳು. ಡಾಕ್ಟರು, ತಾಬಿಲ್ದಿ ತಾವೇನೂ ಮಾಡಿಲ್ಲವೆಂದರು, ದೂರು ವಾಪಸು ಬಂತು. ಬುರುಲ್ ಕೊಟ್ಟ ಹೇಳಿಕೆಯಲ್ಲಿ ಹಿಡಿದು ಕೊಟ್ಟವರು "ಹಿರೇ ಭಾವ", ಕೈ ಕಟ್ಟಿದವಳು "ಎಜೆ". ಹೆಸರಿಲ್ಲದೆ ಯಾರ ಮೇಲೆ ಮೊಕದ್ದಮೆ ಹೂಡುವುದು ಎಂದು ತನಿಖಾಧಿಕಾರಿ ಷರಾ ಬರೆದಿದ್ದ. ಮೀರ್ಗುಲ್ ತಾನೇ ಬರೆದು ತುಂಬುತ್ತೇನೆಂದರೆ ಆಗುವುದಿಲ್ಲ, ನ್ಯಾಯಾಲಯದಲ್ಲಿ ನೊಂದವಳ ಬಾಯಲ್ಲೇ ಬರಬೇಕು, ಮೇಲೆ ಕಣ್ಣಾರೆ ಕಂಡ ಇನ್ನೊಬ್ಬರ ಸಾಕ್ಷಿಯೂ ಬೇಕು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಬುರುಲ್ ನನ್ನ ಮನೆಗೆ ಬಂದಳು. ಬಾಗಿಲು ತೆಗೆದೆ. ಸಲಿಕೆ ತಂದಿದ್ದಾಳೋ ಎಂದು ಮೊದಲು ಕೈ ನೋಡಿದೆ.

"ಹೆದರ್ಬೇಡ. ಎತ್ತೋಕಾಗಿದ್ರೆ ತರ್ತಿದ್ದೆ," ಎಂದಳು.

ಒಳಗೆ ಕೂರಿಸಿ ಚಹಾ ಮಾಡಿದೆ. ರೊಟ್ಟಿ ಮುರಿಯಲು ಅವಳಿಗೆ ಒಂದೇ ಕೈಯಲ್ಲಿ ಆಗಲಿಲ್ಲ. ನಾನು ಮುರಿದುಕೊಡಲು ಹೋದೆ.

"ಬಿಡು. ನಿನ್ನ ಕೈಯಿಂದ ಬೇಡ."

ರೊಟ್ಟಿಯನ್ನು ಮೊಣಕಾಲಿಗೆ ಒತ್ತಿ ಎಡಗೈಯಲ್ಲಿ ಹರಿದು ತಿಂದಳು. ನಾನು ನೆಲ ನೋಡುತ್ತಾ ಕೂತೆ.

"ಅವತ್ತು ಕೋರ್ಟಿನಲ್ಲಿ ನಿನ್ನ ಮಾವನ ಹೆಸರು ಹೇಳ್ದೇ ನನ್ನ ಬಿಡಿಸ್ದೆ," ಎಂದಳು. "ಈಗ ಹೇಳಿ ಬಿಡಿಸ್ಬೇಕು. ಯಾರು ಯಾರು ಏನೇನ್ ಮಾಡಿದ್ರು ಅಂತ."

"ನನ್ಗೇನ್ ಗೊತ್ತು? ನಾನು ಬಕೆಟ್ ಚೆಲ್ಲೋಳು."

"ಕಟ್ಟೋಳೂ ನೀನೇ."

"ಡಾಕ್ಟ್ರು ಹೇಳಿದ್ರು, ಕಟ್ದೆ! ಹೇಳ್ದೇ ಇದ್ರೆ ನಾನ್ಯಾಕೆ ಕಟ್ಲಿ? ನೀನು ನನ್ಗೇನ್ ಶತ್ರುನಾ?" ನನ್ನ ದನಿ ಏರಿತು. "ಈಗ ಹೋಗಿ ನಾನೇ ಕಟ್ಟಿದ್ದು ಅಂದ್ರೆ ನನ್ನನ್ನೇ ಒಳಗೆ ಹಾಕ್ತಾರೆ. ಐವತ್ನಾಲ್ಕು ವಯಸ್ಸು ನನ್ಗೆ."

"ಹಾಕ್ಬಹುದು. ಮೀರ್ಗುಲೂ ಅದ್ನೇ ಹೇಳಿದ್ಲು, ನಿನಗೆ ಮುಚ್ಚಿಡ್ಬೇಡ ಅಂದ್ಲು."

"ಮತ್ತೆ ಯಾವ ಧೈರ್ಯದ ಮೇಲೆ ಬಂದ್ಯೇ?"

"ನಿನ್ನ ಒಂದು ಕಿವಿ ಕೇಳಲ್ಲ ಅಂತ ನಿನ್ನೂರಲ್ಲಿ ಹೇಳಿದ್ರು. ಆ ಕಡೆ ತಿರುಗಿ ಮಾತಾಡಿದ್ರೆ ನಿನಗೆ ಗೊತ್ತಾಗಲ್ಲ ಅಂತೆ." ಒಂದು ಗಳಿಗೆ ನನ್ನ ಮುಖ ನೋಡಿದಳು. "ಟವೆಲ್ ಅಲ್ವಾ?"

ನಾನು ಆ ಕಿವಿಯನ್ನು ಅಂಗೈಯಲ್ಲಿ ಮುಚ್ಚಿದೆ. ಎದ್ದು ಹೊರಡುವಾಗ ಅವಳು ಹೊಸಿಲಿನಲ್ಲಿ ನಿಂತು, "ನಾನೂ ಇನ್ನೂ ಭಾವನ ಹೆಸರು ಹೇಳಿಲ್ಲ ಎಜೆ. ಗಂಟಲಿನ ತನಕ ಬರುತ್ತೆ, ಮೇಲೆ ಬರಲ್ಲ. ಹೇಳ್ಬಿಟ್ರೆ ಸತ್ತ ಗಂಡನಿಗೆ ಏನ್ ಮುಖ ತೋರಿಸ್ಲಿ ಅನ್ಸುತ್ತೆ" ಎಂದಳು. ಆಗ ಅವಳ ಕಣ್ಣಲ್ಲಿ ನೀರು ಬಂತು. ಕೈ ಹೋದಾಗಲೂ ಅವಳು ನನ್ನೆದುರು ಅತ್ತಿರಲಿಲ್ಲ.

ಮೊಕದ್ದಮೆ ಶುರುವಾಗುವ ಹೊತ್ತಿಗೆ ಮತ್ತೆ ಮಾರ್ಚಿ ಬಂದಿತ್ತು. ಮೀರ್ಗುಲ್ ಬಿಡದೆ ಬೆನ್ನುಹತ್ತಿ ದೂರನ್ನು ಮೇಲಿನವರಿಂದ ಮತ್ತೆ ತೆರೆಸಿದ್ದಳು. ಡಾಕ್ಟರು, ತಾಬಿಲ್ದಿ ಒಂದು ಬೆಂಚಿನಲ್ಲಿ. ಹಿಂದಿನ ಸಾಲಿನಲ್ಲಿ ಶಾರ್ಶೆನ್, ಕಾಲ ಮೇಲೆ ಕಾಲು. ಅವನ ಹೆಸರನ್ನು ಇವಳು ಸತ್ತರೂ ಹೇಳುವುದಿಲ್ಲವೆಂದು ಅವನಿಗೆ ಪೂರ್ತಿ ಧೈರ್ಯ. ಅವನ ವಕೀಲ ಅದನ್ನೇ ನೆಚ್ಚಿಕೊಂಡಿದ್ದ. ಮುದುಕ ಮೊದಲ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ.

"ನಿಮ್ಮನ್ನು ಹುಚ್ಚಿ ಎಂದು ಹಿಡಿದುಕೊಟ್ಟವರು ಯಾರು? ಹೆಸರು ಹೇಳಿ," ಎಂದರು ನ್ಯಾಯಾಧೀಶರು. ಈ ಸಲ ಬೇರೆಯವರು, ಹೆಂಗಸು.

ಬುರುಲ್ ಎದ್ದು ನಿಂತಳು. ಮುದುಕನ ಕಡೆ ತಿರುಗಿ, ಹೊಸ ಸೊಸೆ ಹಿರಿಯರಿಗೆ ಮಾಡುವಂತೆ ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಗೆ ಆನಿಸಿಕೊಂಡು ಸೊಂಟ ಬಗ್ಗಿಸಿದಳು. ಬಗ್ಗಿದವಳು ಬೇಗ ಏಳಲಿಲ್ಲ. ಎದ್ದಾಗ ಮುಖ ಕೆಂಪಾಗಿತ್ತು.

"ಶಾರ್ಶೆನ್," ಎಂದಳು.

ಕೋಣೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದರು. ಶಾರ್ಶೆನ್ ಕಾಲು ಕೆಳಗಿಳಿಸಿದ.

"ಇಪ್ಪತ್ಮೂರು ವರ್ಷ ಈ ಹೆಸರಿಗೆ ಮರ್ಯಾದೆ ಕೊಟ್ಟೆ. ಸಾಕು. ಶಾರ್ಶೆನ್ ತನ್ನಪ್ಪನ್ನ ಗಡ್ಡ ಹಿಡಿದು ಎಳೆದು ಒದ್ದ. ಶಾರ್ಶೆನ್ ನನ್ನನ್ನ ಇವರ ಕೈಗೆ ಕೊಟ್ಟ. ಶಾರ್ಶೆನ್, ಶಾರ್ಶೆನ್! ಇನ್ನೆಷ್ಟು ಸಲ ಬೇಕು, ಹೇಳ್ತೀನಿ."

ಮುದುಕ ಕಲ್ಪಕ್ ತೆಗೆದು ಮುಖ ಮುಚ್ಚಿಕೊಂಡ. ಎಷ್ಟಾದರೂ ಶಾರ್ಶೆನ್ ಅವನ ಮಗ ತಾನೇ.

"ಒದೆ ತಿಂದ ವೃದ್ಧರ, ಅಂದರೆ ನಿಮ್ಮ ಮಾವನ ಹೆಸರು?" ಎಂದು ಬರೆದುಕೊಳ್ಳುತ್ತಿದ್ದ ಗುಮಾಸ್ತ ಕೇಳಿದ.

"ಅದನ್ನ ಅವರನ್ನೇ ಕೇಳಿ. ನಾನು ಹೇಳಲ್ಲ," ಎಂದು ಬುರುಲ್ ಕೂತಳು.

ಆ ಹೆಸರು ನನಗೂ ಗೊತ್ತು, ಕಡತದಲ್ಲಿ ಇದೆ. ಅವಳು ಹೇಳದ್ದನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಆಮೇಲೆ ಸಾಕ್ಷಿಯನ್ನು ಕರೆದರು. ನಾನು ಹೋಗುತ್ತೇನೆಂದು ಆ ಬೆಳಿಗ್ಗೆವರೆಗೆ ಮೀರ್ಗುಲ್‌ಗೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಕಟಕಟೆಗೆ ಹೋಗುವಾಗ ತಾಬಿಲ್ದಿ ನನ್ನ ಕೆಟ್ಟ ಕಿವಿಯ ಕಡೆಯಿಂದ ಏನೋ ಅಂದ. ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಅವನೇ ಕೆಡಿಸಿದ ಕಿವಿ.

ಟವೆಲ್ಲಿನದು ಹೇಳಿದೆ, ಬಕೆಟ್ಟಿನದು ಹೇಳಿದೆ, ಸೂಜಿಯದು, ಜಡೆ ಹಿಡಿದು ಮೇಜಿಗೆ ಗುದ್ದಿದ್ದು, ಸತ್ತ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದ್ದು, ಬಿಚ್ಚಬೇಡಿ ಎಂದು ಎರ್ಮೆಕ್ ಹೇಳಿ ಹೋದದ್ದು. ಸೀದ ಬೋರ್ಸೋಕ್ ತಿಂದದ್ದನ್ನೂ ಹೇಳಿದೆ. ಅದು ಮೊಕದ್ದಮೆಗೆ ಸಂಬಂಧವಿಲ್ಲ ಎಂದರು. ನನಗೆ ಸಂಬಂಧವಿದೆ ಅಂದೆ. ಮುದುಕ ತಲೆಯೆತ್ತಿ ನನ್ನನ್ನು ನೋಡಿದ.

"ಬಲಗೈ ಕಟ್ಟಿದವರು ಯಾರು?"

ಬುರುಲ್ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನೂರುಜ್ ದಿನ ಚಾವಣಿ ನೋಡುತ್ತಾ ಅವಳು ಕೇಳಿದ್ದು ನನ್ನ ಒಳ್ಳೇ ಕಿವಿಯಲ್ಲಿ ಕೇಳಿಸುತ್ತಿತ್ತು.

"ಅಲ್ಲಿ ಅವಳನ್ನ ಎಲ್ರೂ ಎಜೆ ಅಂತಿದ್ರು," ಎಂದೆ.

"ಹೆಸರು ಬೇಕಮ್ಮ."

"ಜೂರಾಕಾನ್," ಎಂದೆ. "ಬರ್ಕೊಳ್ಳಿ. ನಾನೇ."